ಹೊಸ ಗಾಡಿ, ಹಳೆಯ ಗಾಡಿ

ಅಮೆರಿಕದಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಒಂದು ರಾತ್ರಿ ದೂರವಾಣಿಯಲ್ಲಿ ಕೇಳಿದ: "ಮಾವ, ಒಂದು ಸಣ್ಣ ಮನೆಗಾಡಿ ಕೊಳ್ಳಬೇಕೆಂದಿದ್ದೇನೆ. ಹೊಸದನ್ನು ಕೊಳ್ಳಲೋ, ಯಾರಾದರೂ ಬಳಸಿದ್ದನ್ನು ಕೊಳ್ಳಲೋ?" ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಗಾಡಿಯದು. ಒಳಗೆ ಮಲಗಲು ಹಾಸಿಗೆ, ಒಂದು ಒಲೆ, ನೀರಿನ ತೊಟ್ಟಿ. ರಜೆ ಬಂದರೆ ಹೆಂಡತಿ ಮಕ್ಕಳೊಡನೆ ಕಾಡು ಬೆಟ್ಟಗಳ ಕಡೆಗೆ ಪಯಣ. ವೇಮಗಲ್ಲಿನಲ್ಲಿ ಕುಳಿತ ನಿವೃತ್ತ ಉಪಾಧ್ಯಾಯನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ಓದುಗರು ನಗಬಹುದು. ಆದರೆ ಈ ಪ್ರಶ್ನೆ ನಮ್ಮ ಮನೆಗೆ ಹೊಸದಲ್ಲ.

1958ರಲ್ಲಿ ನಮ್ಮ ತಾತ ಕಮಾನು ಗಾಡಿಯೊಂದನ್ನು ಕೊಳ್ಳಲು ಹೊರಟರು. ಆವಣಿಯ ಜಾತ್ರೆಗೆ ಹೋಗಬೇಕಾದರೂ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕಾದರೂ ಆಗ ಅದೇ ಗತಿ. ಹುಲ್ಲಿನ ಮೇಲೆ ಜಮಖಾನ ಹಾಸಿದರೆ ಅದೇ ಹಾಸಿಗೆ. ಹಿಂದೆ ಬುತ್ತಿಯ ಗಂಟು, ನೀರಿನ ಕೊಡ. ಸೋದರಳಿಯನ ಮನೆಗಾಡಿಗೂ ಇದಕ್ಕೂ ಎತ್ತುಗಳಷ್ಟೇ ಅಂತರ.

ನೆರೆಯೂರಿನಲ್ಲಿ ಹಳೆಯ ಗಾಡಿಯೊಂದು ಅರ್ಧ ಬೆಲೆಗೆ ಸಿಗುತ್ತಿತ್ತು. ತಾತನಿಗೆ ಒಪ್ಪಿಗೆಯಾಗಲಿಲ್ಲ. "ಚೊಚ್ಚಲ ಬಸುರಿ ಮಗಳನ್ನು ಇನ್ನೊಬ್ಬರ ಮನೆಯ ಗಾಡಿಯಲ್ಲಿ ಕರೆತರುವುದೆ?" ಎಂದು ಹಾಲು ಕೊಡುವ ಹಸುವೊಂದನ್ನು ಮಾರಿ, ಬಡಗಿಯೊಬ್ಬನಿಂದ ಹೊಸ ಗಾಡಿಯನ್ನೇ ಮಾಡಿಸಿದರು. ಕರಿಜಾಲಿಯ ಚಕ್ರ, ಕಮಾನಿಗೆ ಹೊಸ ಚಾಪೆ, ಮೂಕಿಗೆ ಹಸಿರು ಬಣ್ಣ. ಊರೆಲ್ಲ ಬಂದು ನೋಡಿತು.

ಚಕ್ರಕ್ಕೆ ಹಳಿ ಕಟ್ಟುವುದನ್ನು ನೋಡಿದವರು ಈಗ ವಿರಳ. ಕಬ್ಬಿಣದ ಹಳಿಯ ಸುತ್ತಳತೆಯನ್ನು ಚಕ್ರಕ್ಕಿಂತ ತುಸು ಕಡಿಮೆ ಇಡುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದಾಗ ಅದು ಹಿಗ್ಗುತ್ತದೆ. ಹಾಗೆಯೇ ಚಕ್ರಕ್ಕೆ ತೊಡಿಸಿ ನೀರು ಸುರಿದರೆ ಕುಗ್ಗಿ, ಅರಗಳನ್ನೆಲ್ಲ ಗುಂಬದೊಳಕ್ಕೆ ಬಿಗಿಯಾಗಿ ಒತ್ತುತ್ತದೆ. ಆದರೆ ಮರ ಚೆನ್ನಾಗಿ ಒಣಗಿರದಿದ್ದರೆ ಬಿಸಿಲಿಗೆ ಮರವೇ ಕುಗ್ಗುತ್ತದೆ. ಆಗ ಬಿಗಿಯೆಲ್ಲ ಸಡಿಲ.

ನಡೆದದ್ದು ಅದೇ. ಮಾಲೂರಿನ ಕಡೆಯಿಂದ ಅತ್ತೆಯನ್ನು ಕರೆತರುವಾಗ, ನರಸಾಪುರ ದಾಟಿದ ಮೇಲೆ ಎಡಗಾಲಿಯ ಹಳಿ ಕಳಚಿ ಉರುಳುತ್ತ ಹೋಗಿ ಹೊಲಕ್ಕೆ ಬಿತ್ತು. ಅರಗಳು ಒಂದೊಂದಾಗಿ ಬಿಟ್ಟುಕೊಂಡವು. ಎಂಟು ತಿಂಗಳ ಬಸುರಿ ಅತ್ತೆ, ತಾತನ ಹೆಗಲು ಹಿಡಿದುಕೊಂಡು, ಚೈತ್ರದ ಬಿಸಿಲಿನಲ್ಲಿ ಎರಡು ಮೈಲಿ ನಡೆದಳು. ಎಂಟು ವರ್ಷದವನಾದ ನಾನು ನೀರಿನ ಕೊಡ ಹೊತ್ತು ಹಿಂದೆ ನಡೆದೆ. ದಾರಿಯುದ್ದಕ್ಕೂ ತಾತ ಒಂದು ಮಾತನ್ನೂ ಆಡಲಿಲ್ಲ. ಮನೆಯ ಜಗಲಿ ಮುಟ್ಟಿದ ಮೇಲೆ ಅತ್ತೆಯೇ, "ಅಪ್ಪಾ, ನನಗೇನೂ ಆಗಿಲ್ಲ" ಎಂದಳು.

ಗಾಡಿಯನ್ನು ತಾತ ಮಾರಲಿಲ್ಲ. ಚಕ್ರ ಬಿಚ್ಚಿಸಿ, ಸಡಿಲವಾದ ಅರಗಳನ್ನು ಬದಲಿಸಿ, ಹಳಿಯನ್ನು ಒಂದಂಗುಲ ಕತ್ತರಿಸಿ ಮತ್ತೆ ಬೆಸೆದು ಕಟ್ಟಿಸಿದರು. ಬಳಿಕ ಇಪ್ಪತ್ತು ವರ್ಷ ಅದು ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಮಾರುವಾಗ, ಕೊಳ್ಳಲು ಬಂದ ರೈತ ಅಚ್ಚಿನ ಮೇಲೆ ಚಕ್ರವನ್ನು ಅಲುಗಿಸಿ ನೋಡಿದ. ಅರಗಳನ್ನು ಕಲ್ಲಿನಿಂದ ತಟ್ಟಿ ಕಿವಿಗೊಟ್ಟ. ಕುಡುಗೋಲಿನ ತುದಿಯಿಂದ ಅಡಿಹಲಗೆಯನ್ನು ಚುಚ್ಚಿ ಗೆದ್ದಲನ್ನು ಹುಡುಕಿದ. ತಾತ ತಾವಾಗಿಯೇ ಎಡಗಾಲಿಯನ್ನು ತೋರಿಸಿ, ಅದು ಮುರಿದ ಕಥೆಯನ್ನು ಹೇಳಿದರು. ರೈತ ಮತ್ತೆ ಚೌಕಾಸಿ ಮಾಡಲಿಲ್ಲ.

(ಬಾಳನ್ನು ಜಟಕಾ ಬಂಡಿಗೆ ಹೋಲಿಸಿದ ಡಿ.ವಿ.ಜಿ.ಯವರು ಮುಳಬಾಗಿಲಿನವರು. ಬಂಡಿ ಹಳೆಯದೋ ಹೊಸದೋ ಎಂದು ಅವರನ್ನು ಯಾರೂ ಕೇಳಿದಂತಿಲ್ಲ!)

ಸೋದರಳಿಯ ವಿವರಿಸುತ್ತ ಹೋದಂತೆ ನನಗೆ ಎಲ್ಲವೂ ಪರಿಚಿತವೆನಿಸಿತು. ಹೊಸ ಮನೆಗಾಡಿ ಅಂಗಡಿಯ ಬಾಗಿಲು ದಾಟಿದೊಡನೆಯೇ ಅದರ ಬೆಲೆ ಇಳಿಯುತ್ತದೆಯಂತೆ. ಅಲ್ಲದೆ ಮೊದಲ ಪಯಣಗಳಲ್ಲೇ ಅದರ ದೋಷಗಳು ಹೊರಬೀಳುವುದುಂಟು. ಹಳೆಯದರ ಶತ್ರು ನೀರು. ಛಾವಣಿಯ ಸಂದಿನಿಂದ ಇಳಿದ ಮಳೆ ಗೋಡೆಯೊಳಗಿನ ಮರವನ್ನು ಕಣ್ಣಿಗೆ ಕಾಣದಂತೆ ಕೊಳೆಯಿಸುತ್ತದೆ. ಮುಗ್ಗಲು ವಾಸನೆಯೇ ಅದರ ಕುರುಹು. ಟೈರು ಸವೆಯದಿದ್ದರೂ ಮುದಿಯಾಗುತ್ತದೆ. ಅದರ ಮೇಲೆ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ: 3219 ಎಂದರೆ 2019ರ ಮೂವತ್ತೆರಡನೆಯ ವಾರ. ಗಾಡಿಯ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಕಡಿಮೆಯಾದರೆ ಗಾಡಿ ಹಾವಿನಂತೆ ಹೊರಳಾಡುತ್ತದೆ. ನಮ್ಮಲ್ಲಿಯೂ ಹೇರು ಮುಂದಾದರೆ ಎತ್ತಿನ ಕುತ್ತಿಗೆ ನೋಯುತ್ತಿತ್ತು, ಹಿಂದಾದರೆ ನೊಗ ಮೇಲೇಳುತ್ತಿತ್ತು. ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ಮೊದಲ ನಿರ್ದೇಶಕರಾದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯ ಸುಧಾರಣೆಗಾಗಿ ಅಷ್ಟೊಂದು ಶ್ರಮಿಸಿದ್ದು ಈ ಮೂಕ ಪ್ರಾಣಿಗಳ ಕುತ್ತಿಗೆಯನ್ನು ನೆನೆದೇ.

"ಒಂದು ಹಳೆಯ ಗಾಡಿಯನ್ನು ನೋಡಿ ಬಂದೆ, ಮಾವ" ಎಂದ ಸೋದರಳಿಯ. "ಮಾರುವವನು ಮುದುಕ. ಹಾಸಿಗೆ ಎತ್ತಿ, ಒಮ್ಮೆ ನೀರಿಳಿದಿದ್ದ ಜಾಗವನ್ನೂ ತಾನು ಹಲಗೆ ಬದಲಿಸಿದ್ದನ್ನೂ ತೋರಿಸಿದ. ಅದಕ್ಕೇ ಅನುಮಾನ."

"ನೀನು ಕೇಳಿದ ಮೇಲೆ ತೋರಿಸಿದನೋ, ಕೇಳುವ ಮೊದಲೋ?"

"ಕೇಳುವ ಮೊದಲೇ."

ಒಂದು ಜೋರು ಮಳೆ ಸುರಿದ ಮರುದಿನ ಹೋಗಿ, ಆ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಿ, ಒಣಗಿದ್ದರೆ ಮುಂಗಡ ಕೊಟ್ಟು ಬಾ ಎಂದೆ.