ಲೀಲಾ ಒಬ್ಬಳದೇ ತಪ್ಪೇ?

ಎಲೆನಾ ಫೆರಾಂಟೆ ಇಟಾಲಿಯನ್ ಭಾಷೆಯಲ್ಲಿ ಬರೆದ ನೇಪಲ್ಸ್ ಕಾದಂಬರಿಗಳು 2011ರಿಂದ 2014ರವರೆಗೆ ನಾಲ್ಕು ಸಂಪುಟಗಳಲ್ಲಿ ಬಂದವು. ನೇಪಲ್ಸಿನ ಬಡಕೇರಿಯಲ್ಲಿ ಬೆಳೆದ ಲೀಲಾ, ಲೆನೂ ಎಂಬಿಬ್ಬರ ಗೆಳೆತನದ ಕಥೆ ಅದು. ಓದಿದವರು ಲೀಲಾಳ ಮೇಲೆ ತೀರ್ಪು ಕೊಡುವ ಆತುರ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತಪ್ಪು ಕಲ್ಪನೆ: ಮೊದಲ ಸಂಪುಟದ ಹೆಸರಿನಲ್ಲಿರುವ ‘ಪ್ರತಿಭಾವಂತ ಗೆಳತಿ’ ಲೀಲಾ.

ವಾಸ್ತವ: ಆ ಮಾತು ಆಡುವವಳೇ ಲೀಲಾ. ತನ್ನ ಮದುವೆಯ ದಿನ, ಲೆನೂಗೆ ಹೇಳುತ್ತಾಳೆ.

ತಪ್ಪು ಕಲ್ಪನೆ: ಲೀಲಾ ವಿಷ ಕಾರುವವಳು, ಲೆನೂ ಪಾಪದವಳು.

ವಾಸ್ತವ: ಲೆನೂಳ ಗೊಂಬೆಯನ್ನು ನೆಲಮಾಳಿಗೆಯ ಕತ್ತಲಿಗೆ ತಳ್ಳಿದವಳು ಲೀಲಾ, ನಿಜ. ಮರುಕ್ಷಣವೇ ಲೀಲಾಳ ಗೊಂಬೆಯನ್ನು ತಳ್ಳಿದವಳು ಲೆನೂ. ದೊಡ್ಡವರಾದ ಮೇಲೆ, ಗಂಡನ ಕಣ್ಣಿಗೆ ಬೀಳದಿರಲೆಂದು ಲೀಲಾ ತನ್ನ ನೋಟುಪುಸ್ತಕಗಳನ್ನು ಡಬ್ಬಿಯಲ್ಲಿಟ್ಟು ಗೆಳತಿಯ ಕೈಗೆ ಕೊಡುತ್ತಾಳೆ, ಓದುವುದಿಲ್ಲವೆಂದು ಮಾತು ತೆಗೆದುಕೊಂಡು. ಲೆನೂ ಓದುತ್ತಾಳೆ, ಬಾಯಿಪಾಠವಾಗುವಷ್ಟು ಓದುತ್ತಾಳೆ, ಆಮೇಲೆ ಪೀಸಾದಲ್ಲಿ ಆರ್ನೋ ನದಿಗೆ ಎಸೆದುಬಿಡುತ್ತಾಳೆ. ಇಡೀ ಸರಣಿಯಲ್ಲಿ ಇದಕ್ಕಿಂತ ಕ್ರೂರವಾದ ದೃಶ್ಯ ನನಗೆ ನೆನಪಾಗುವುದಿಲ್ಲ. ಅಲ್ಲಿ ಯಾರೂ ದನಿ ಎತ್ತುವುದಿಲ್ಲ. ಇದನ್ನೆಲ್ಲ ನಮಗೆ ಹೇಳುತ್ತಿರುವವಳೂ ಲೆನೂವೇ. ತನ್ನ ಬಗ್ಗೆ ಬರೆಯಕೂಡದೆಂದು ಲೀಲಾ ಬೇಡಿಕೊಂಡಿದ್ದಳು. ಅವಳು ಕಾಣೆಯಾದ ಮೇಲೆ, ಆ ಸಿಟ್ಟಿನಲ್ಲೇ ಲೆನೂ ಬರೆಯಲು ಕೂರುತ್ತಾಳೆ. ಲೀಲಾಳ ಪರವಾಗಿ ಮಾತಾಡಲು ಕಾದಂಬರಿಯಲ್ಲಿ ಇನ್ನೊಂದು ಬಾಯಿಲ್ಲ.

ತಪ್ಪು ಕಲ್ಪನೆ: ಮೆಚ್ಚುವಂಥವರು ಒಬ್ಬರೂ ಇಲ್ಲದ ಕಾದಂಬರಿ ಓದಿ ಪ್ರಯೋಜನವಿಲ್ಲ.

ವಾಸ್ತವ: ಗೆಳತಿ ಫೇಲಾಗಲಿ ಎಂದು ಒಂದು ಗಳಿಗೆಯಾದರೂ ಬಯಸಿದವರಿಗೆ ಈ ಪುಸ್ತಕ ಬೇಕು.

ತಪ್ಪು ಕಲ್ಪನೆ: ಹೊಟ್ಟೆಕಿಚ್ಚು ಇಬ್ಬರ ಹುಟ್ಟುಗುಣ.

ವಾಸ್ತವ: ಇಬ್ಬರೂ ಚುರುಕು, ಲೀಲಾ ಇನ್ನೂ ಒಂದು ಕೈ ಮೇಲು. ಪ್ರಾಥಮಿಕ ಶಾಲೆ ಮುಗಿದಾಗ ಟೀಚರ್ ಒತ್ತಾಯಕ್ಕೆ ಲೆನೂಳ ಮನೆಯವರು ಅವಳನ್ನು ಮುಂದೆ ಓದಿಸಲು ಹೇಗೋ ಒಪ್ಪಿದರು. ಚಪ್ಪಲಿ ರಿಪೇರಿ ಮಾಡುತ್ತಿದ್ದ ಲೀಲಾಳ ಅಪ್ಪ ಒಪ್ಪಲಿಲ್ಲ. ಓದಬೇಕೆಂದು ಹಟ ಹಿಡಿದ ಮಗಳನ್ನು ಕಿಟಕಿಯಿಂದ ಹೊರಗೆಸೆದ, ಕೈ ಮುರಿಯಿತು. ಅವರ ನಡುವಿನ ಕಹಿಯ ಬೇರು ನನಗೆ ಕಾಣುವುದು ಆ ಕಿಟಕಿಯಲ್ಲಿ. ಅಲ್ಲಿಂದ ಮುಂದೆ ಒಬ್ಬಳು ಪಡೆದದ್ದೆಲ್ಲ ಇನ್ನೊಬ್ಬಳಿಗೆ ಸಿಗದೇ ಹೋದದ್ದಾಯಿತು. ಆದರೂ ಲೀಲಾ ಮನೆಮಂದಿಯ ಹೆಸರಲ್ಲೆಲ್ಲ ಗ್ರಂಥಾಲಯದ ಕಾರ್ಡು ಮಾಡಿಸಿ ಪುಸ್ತಕ ತಂದಳು, ಗುಟ್ಟಾಗಿ ಲ್ಯಾಟಿನ್ ಕಲಿತಳು. ಶಾಲೆಯಲ್ಲಿ ಲ್ಯಾಟಿನ್ ತಲೆಗೆ ಹತ್ತದೆ ಲೆನೂ ಒದ್ದಾಡುತ್ತಿದ್ದಾಗ, ವಾಕ್ಯದಲ್ಲಿ ಮೊದಲು ಕ್ರಿಯಾಪದ ಹುಡುಕಬೇಕೆಂದು ಹೇಳಿಕೊಟ್ಟವಳು ಶಾಲೆ ಬಿಟ್ಟ ಆ ಹುಡುಗಿ.