ವರ್ಣತಂತು ಡಬಲ್ ಆದರೆ ಎಲೆಯ ಅಡುಗೆಯೂ ಡಬಲ್ಲೇ?

ಹತ್ತಿ ಬೀಜದ ಮಾತು ಬಂದಾಗ ನಮ್ಮ ಶಿರವಾಳದಲ್ಲಿ ಒಂದು ಪ್ರಶ್ನೆ ಏಳುವುದುಂಟು. ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತು. ಈಗ ನಾವು ಊರುವ ಬಿಟಿ ಹೈಬ್ರಿಡ್‌ಗಳು ಅಮೆರಿಕನ್ ಜಾತಿಯವು, ಅವುಗಳಲ್ಲಿ 52. 'ಹಂಗಾದ್ರ ಎಲಿ ಮಾಡೋ ಅಡಗಿನೂ ಡಬಲ್ ಏನು?' ನನ್ನ ಉತ್ತರ: ಇಲ್ಲ. ಯಾಕೆ ಅಂತ ನೋಡೋಣ.

ವರ್ಣತಂತು ಎಂದರೆ ಗಿಡದ ಗುಣಗಳನ್ನು ಬರೆದಿಟ್ಟ ದಾರ. ಎಲೆಯೊಳಗೆ ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವುದು ರುಬಿಸ್ಕೋ ಎಂಬ ಕಿಣ್ವ. ಇದು ಬಲು ನಿಧಾನಿ. ಅದಕ್ಕೇ ಗಿಡ ಇದನ್ನು ರಾಶಿಗಟ್ಟಲೆ ತಯಾರಿಸುತ್ತದೆ. ಭತ್ತ, ಗೋಧಿಯಂಥ ಬೆಳೆಗಳಲ್ಲಿ ಎಲೆಯ ಸಾರಜನಕದ ಸುಮಾರು ಕಾಲು ಭಾಗ ಇದೊಂದರಲ್ಲೇ ಇರುತ್ತದೆ. ಸಾರಜನಕ ಕಡಿಮೆಯಾದರೆ ಅಡುಗೆ ಕುಂಟುವುದು ಇದಕ್ಕೇ.

ವರ್ಣತಂತು ಹೆಚ್ಚಾದಾಗ ಜೀವಕೋಶ ದೊಡ್ಡದಾಗುತ್ತದೆ. ಅದರೊಳಗೆ ಹಸಿರು ಕಣ, ರುಬಿಸ್ಕೋ ಎರಡೂ ಹೆಚ್ಚುತ್ತವೆ. 14, 28, 42 ವರ್ಣತಂತುಗಳ ಗೋಧಿಗಳಲ್ಲಿ ವಿಜ್ಞಾನಿಗಳು ಇದನ್ನು ಅಳೆದು ನೋಡಿದ್ದಾರೆ. ನಮ್ಮ ಸದಕ ಗೋಧಿ 28ರದು, ಸಾಮಾನ್ಯ ಚಪಾತಿ ಗೋಧಿ 42ರದು. ಆದರೆ ಕೋಶ ದೊಡ್ಡದಾದರೆ ಅಷ್ಟೇ ಅಗಲದ ಎಲೆಯಲ್ಲಿ ಹಿಡಿಯುವ ಕೋಶಗಳು ಕಡಿಮೆ. ಬಂಡಿಗೆ ಸಣ್ಣ ಚೀಲ ಹೇರಿದರೂ ದೊಡ್ಡ ಚೀಲ ಹೇರಿದರೂ ಹಿಡಿಯುವ ಜೋಳ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ? ಆಸ್ಟ್ರೇಲಿಯದ ಇವಾನ್ಸ್ ಮತ್ತು ಡನ್‌ಸ್ಟೋನ್ 1970ರಲ್ಲಿ ಇನ್ನೂ ಸೋಜಿಗದ ಸಂಗತಿ ತೋರಿಸಿದರು: ಎಲೆಯ ಒಂದೇ ಅಳತೆಗೆ ಲೆಕ್ಕ ಹಾಕಿದರೆ, 42ರ ಗೋಧಿಗಿಂತ 14ರ ಕಾಡು ಗೋಧಿಯ ಅಡುಗೆಯೇ ಚುರುಕು! ಇಳುವರಿಯಲ್ಲಿ ಮಾತ್ರ ನಾಡ ಗೋಧಿಯೇ ಮುಂದೆ. ಅದರ ಎಲೆ ಅಗಲ, ಕಾಳು ದಪ್ಪ.

ಇನ್ನೊಂದು ಗುಟ್ಟು ಅದ. ರುಬಿಸ್ಕೋದಲ್ಲಿ ದೊಡ್ಡ ತುಂಡು, ಸಣ್ಣ ತುಂಡು ಎಂದು ಎರಡು ಬಗೆ. ಸಣ್ಣದರ ಬರಹ ಮಾತ್ರ ನಾವು ಎಣಿಸುವ ವರ್ಣತಂತುಗಳಲ್ಲಿದೆ. ದೊಡ್ಡದರ ಬರಹ ಹಸಿರು ಕಣದೊಳಗೇ ಇದೆ. ಎರಡೂ ಕೂಡಿದರೇ ಕಿಣ್ವ.

ನಮ್ಮ ಹೊಲಗಳಲ್ಲೇ ಸಾಕ್ಷಿ ಇದೆ. ಭತ್ತಕ್ಕೆ 24 ವರ್ಣತಂತು, ಜೋಳಕ್ಕೆ 20. ಆದರೂ ಸುಡು ಬಿಸಿಲಲ್ಲಿ, ಕಡಿಮೆ ನೀರಲ್ಲಿ ಜೋಳದ ಅಡುಗೆಯೇ ಮೇಲು. ಮೊದಲು ಪೆಪ್ ಕಾರ್ಬಾಕ್ಸಿಲೇಸ್ ಎಂಬ ಬೇರೊಂದು ಕಿಣ್ವ ಇಂಗಾಲ ಹಿಡಿದು ರುಬಿಸ್ಕೋದ ಬಾಯಿಗೇ ಒದಗಿಸುತ್ತದೆ. ಇಲ್ಲಿ ಗೆದ್ದದ್ದು ಎಣಿಕೆಯಲ್ಲ, ವ್ಯವಸ್ಥೆ.

ಹಾಗಂತ ಎಣಿಕೆ ದಂಡವಲ್ಲ. ತಳಿ ಕೂಡಿಸುವವರಿಗೆ ಅದು ಬೇಕೇ ಬೇಕು. 26ರ ಜವಾರಿಗೂ 52ರ ಅಮೆರಿಕನ್‌ಗೂ ಕೂಡಿಸಿದರೆ 39ರ ಗಿಡ ಬರುತ್ತದೆ, ಅದು ಸಾಮಾನ್ಯವಾಗಿ ಬಂಜೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹೈಬ್ರಿಡ್‌ನ ತಾಯಿ-ತಂದೆ ಬೇರೆ ಬೇರೆ ಜಾತಿಯವಾದರೂ ಎರಡಕ್ಕೂ 52 ಇದ್ದದ್ದರಿಂದ ಜೋಡಿ ಹೊಂದಿತು.

ಆದ್ದರಿಂದ ಬೀಜ ಕೊಳ್ಳುವಾಗ 'ವರ್ಣತಂತು ಜಾಸ್ತಿ, ಇಳುವರಿ ಜಾಸ್ತಿ' ಎಂಬ ಮಾತಿಗೆ ರೊಕ್ಕ ಬಿಚ್ಚಬೇಡಿ. ಎಷ್ಟು ದಿನದ ಬೆಳೆ, ಎಷ್ಟು ನೀರು ಬೇಕು, ರಸ ಹೀರುವ ಹುಳಕ್ಕೆ ತಡೆಯುತ್ತದೆಯೇ ಎಂದು ಕೇಳಿ. ಕಾಲುವೆ ನೀರು ಹತ್ತದ ಎರಿ ಹೊಲವಿದ್ದವರು ಜವಾರಿ ಹತ್ತಿಯನ್ನು ಕೀಳು ಮಾಡಬೇಡಿ. ಅದರ ಎಳೆ ಗಿಡ್ಡ, ಕಾಯಿ ಸಣ್ಣ ನಿಜ. ಆದರೆ ಬರ ತಾಳುತ್ತದೆ, ರಸ ಹೀರುವ ಹುಳಕ್ಕೂ ಜಗ್ಗುವುದು ಕಡಿಮೆ. ಯಾವುದನ್ನೇ ಊರಿದರೂ ಸಾಲಿನ ಅಂತರ ಕಾಯ್ದುಕೊಳ್ಳಿ. ಬಿಸಿಲು ಬೀಳದ ಎಲೆಯಲ್ಲಿ ಯಾವ ಕಿಣ್ವವೂ ಅಡುಗೆ ಮಾಡದು.