ಕೋಟೆ ಒಂದೇ, ಖಳನಾಯಕ ಯಾರು?

ದಿಂಡಿಗಲ್: ರಜೆ ಬಂತೆಂದರೆ ತೇನಿ, ಕಂಬಂ ಕಡೆಯ ನಮ್ಮ ಮನೆಗಳಲ್ಲೂ ಹುಡುಗರಿಗೆ ಕಂಪ್ಯೂಟರ್ ಮುಂದೆ ಕೂತು ಯುದ್ಧ ಮಾಡೋದೇ ಕೆಲಸ. ಊಟಕ್ಕೆ ಕರೆದರೆ ‘ಇರವ್ವ, ಶತ್ರು ಕೋಟೆ ಈಗ ಬೀಳುತ್ತೆ’ ಅಂತಾರೆ. ಯಾವ ಶತ್ರು ಅಂತ ನಾವು ಕೇಳೋದಿಲ್ಲ.

2007ರಲ್ಲಿ ಬಂದ ‘ಏಜ್ ಆಫ್ ಎಂಪೈರ್ಸ್ 3: ದಿ ಏಷ್ಯನ್ ಡೈನಾಸ್ಟೀಸ್’ನಲ್ಲಿ ಭಾರತದ ಕಥೆ 1857ರ ದಂಗೆಯದು. ಖಳನಾಯಕ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಎಡ್ವರ್ಡ್‌ಸನ್. ಇತಿಹಾಸದಲ್ಲಿಲ್ಲದ ಮನುಷ್ಯ, ಆಟಕ್ಕೆಂದೇ ಹುಟ್ಟಿಸಿದವನು. ಕಂಪನಿಯ ಕಂದಾಯ, ಕರಾರುಪತ್ರಗಳನ್ನು ಗುಂಡಿಟ್ಟು ಹೊಡೆಯೋಕಾಗೋಲ್ಲ ನೋಡಿ. ಒಬ್ಬ ಕೆಟ್ಟ ಅಧಿಕಾರಿಯನ್ನಾದರೆ ಹೊಡೆದು ಮುಗಿಸಬಹುದು. 2009ರ ‘ಎಂಪೈರ್: ಟೋಟಲ್ ವಾರ್’ನಲ್ಲಿ ಬ್ರಿಟಿಷರಾಗಿಯೂ ಮರಾಠರಾಗಿಯೂ ಆಡಬಹುದು. ಮೈಸೂರು ನಕಾಶೆಯಲ್ಲಿದೆ, ಆದರೆ ಮುಖ್ಯ ಆಟದಲ್ಲಿ ಆರಿಸಿಕೊಳ್ಳುವವರ ಪಟ್ಟಿಯಲ್ಲಿಲ್ಲ. ಎದುರಿಗೆ ಸಿಗುತ್ತದೆಯೇ ಹೊರತು ನಮ್ಮ ಕೈಗೆ ಸಿಗುವುದಿಲ್ಲ.

ಇನ್ನು ನಮ್ಮ ದಿಂಡಿಗಲ್ ಬೆಟ್ಟದ ಕೋಟೆಯನ್ನೇ ಯಾರಾದರೂ ಆಟ ಮಾಡಿದರೆ? 1755ರಲ್ಲಿ ಮೈಸೂರಿನ ಹೈದರ್ ಅಲಿ ಇಲ್ಲಿಗೆ ಫೌಜುದಾರನಾಗಿ ಬಂದ. ಸುತ್ತಲ ಪಾಳೆಯಗಾರರನ್ನು ಬಗ್ಗಿಸಿದ. ಪಾಳೆಯಗಾರರ ಕಡೆ ನಿಂತು ಆಡುವ ಹುಡುಗನಿಗೆ ಅವನೇ ಖಳ, ಸಂಶಯವಿಲ್ಲ.

ಆದರೆ 1772ರಲ್ಲಿ ಆರ್ಕಾಟ್ ನವಾಬನ ಪರ ಬಂದ ಕಂಪನಿ ಸೇನೆ ಶಿವಗಂಗೆಯ ದೊರೆಯನ್ನು ಕಾಳೈಯಾರ್‌ಕೋಯಿಲ್‌ನಲ್ಲಿ ಕೊಂದಾಗ, ರಾಣಿ ವೇಲು ನಾಚ್ಚಿಯಾರ್ ಎಳೆಯ ಮಗಳೊಂದಿಗೆ ತಪ್ಪಿಸಿಕೊಂಡು ಬಂದದ್ದು ಈ ದಿಂಡಿಗಲ್ ಸೀಮೆಗೇ. ಸುಮಾರು ಎಂಟು ವರ್ಷ ಹೈದರನ ಆಶ್ರಯ. 1780ರಲ್ಲಿ ಅವನ ನೆರವಿನಿಂದಲೇ ಆಕೆ ಶಿವಗಂಗೆಯನ್ನು ಮತ್ತೆ ಪಡೆದಳು. ರಾಣಿಯ ಕಡೆಯಿಂದ ಆಡಿದರೆ ಅದೇ ಹೈದರ್ ಒಡಹುಟ್ಟಿದ ಅಣ್ಣನ ಹಾಗೆ! ಒಂದೇ ಕೋಟೆ, ನಡುವೆ ಇಪ್ಪತ್ತೈದು ವರ್ಷ, ಅಷ್ಟೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ ಕಂಪನಿಯ ಪಾಲಾಯಿತು. ಕಂಪನಿಯ ವಿರುದ್ಧ ಎದ್ದ ವಿರೂಪಾಕ್ಷಿಯ ಗೋಪಾಲ ನಾಯಕನನ್ನು 1801ರಲ್ಲಿ ಗಲ್ಲಿಗೇರಿಸಿದರು. ಕಂಪನಿಯ ಕಣ್ಣಿಗೆ ಅವನು ಬರೀ ದಂಗೆಕೋರ.

ಬೇರೆಯವರ ಆಟದ ಮಾತು ಹಾಗಿರಲಿ. ಹೆಣ್ಣು ಕೇಳಿದ ದೊರೆಗೆ ಅಂಜಿ, ರಾತ್ರೋರಾತ್ರಿ ಗಂಟುಮೂಟೆ ಕಟ್ಟಿ, ಹೊಳೆ ದಾಟಿ ಈ ಕಡೆ ಬಂದ ಕಥೆಯನ್ನು ನಮ್ಮ ಹಿರಿಯರೂ ಹೇಳುತ್ತಾರೆ. ಕಥೆಯಲ್ಲಿ ಖಳ ಇದ್ದಾನೆ, ಮುಖ ಇಲ್ಲ. ‘ಆ ದೊರೆ ಹೆಸರೇನಜ್ಜಿ?’ ಅಂತ ಮೊಮ್ಮಗ ಕೇಳಿದರೆ ಒಂದು ಮನೆಯಲ್ಲಿ ಒಂದು ಹೆಸರು, ಪಕ್ಕದ ಮನೆಯಲ್ಲಿ ಇನ್ನೊಂದು. ಕೆಲವು ಅಜ್ಜಿಯರು ಮಾತ್ರ ‘ಯಾವನೋ ಒಬ್ಬ, ನೀನು ಮೊದಲು ಉಣ್ಣು’ ಅಂತಾರೆ.